ಮಾತ್ರೆ ನುಂಗಿದವರ ಮಾತು ಯಾರಿಗೆ ಬೇಕು?

ರಕ್ತದೊತ್ತಡಕ್ಕೆಂದು ಮಾತ್ರೆ ಸೇವಿಸುವ ಕೆಲವರಿಗೆ ಒಂದು ಬಗೆಯ ಒಣಕೆಮ್ಮು ಅಂಟಿಕೊಳ್ಳುತ್ತದೆ. ಕಫವಿಲ್ಲ, ಜ್ವರವಿಲ್ಲ, ಬರೀ ಕೆಮ್ಮು. ಮನೆಯವರು ಮೊದಲು ಫ್ಯಾನನ್ನು ದೂರುತ್ತಾರೆ, ಆಮೇಲೆ ಫ್ರಿಜ್ಜಿನ ನೀರನ್ನು, ಅದಾದ ಮೇಲೆ ಒಗ್ಗರಣೆಯ ಘಾಟನ್ನು. ಶುಂಠಿ ಕಷಾಯವಾಗುತ್ತದೆ, ಜೇನು ನೆಕ್ಕಿದ್ದಾಗುತ್ತದೆ, ಕೊನೆಗೆ ಮೆಡಿಕಲ್‌ನಿಂದ ಕೆಮ್ಮಿನ ಸಿರಪ್ಪೂ ಬರುತ್ತದೆ. ಯಾವುದಕ್ಕೂ ಜಗ್ಗದ ಆ ಕೆಮ್ಮಿಗೆ, ದಿನವೂ ತಪ್ಪದೆ ನುಂಗುವ ಆ ಪುಟ್ಟ ಮಾತ್ರೆಯೇ ಕಾರಣವಾಗಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಎನಾಲಪ್ರಿಲ್, ರಾಮಿಪ್ರಿಲ್ ಮುಂತಾದ, ‘ಪ್ರಿಲ್’ ಎಂದು ಹೆಸರು ಮುಗಿಯುವ ಮಾತ್ರೆಗಳಿಗೆ ಈ ಗುಣವಿದೆ. ವೈದ್ಯರು ಬೇರೆ ಬಗೆಯ ಮಾತ್ರೆ ಕೊಟ್ಟರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕೆಮ್ಮು ನಿಲ್ಲುತ್ತದೆ.

ಇಂದು ಇದು ವೈದ್ಯಕೀಯ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಸಂಗತಿ. ಆದರೆ 1980ರ ದಶಕದಲ್ಲಿ ಈ ಔಷಧಿಗಳು ಹೊಸದಾಗಿ ಬಳಕೆಗೆ ಬಂದಾಗ ಹೀಗಿರಲಿಲ್ಲ. ಕೆಮ್ಮಿದವರು ವೈದ್ಯರಿಗೆ ಹೇಳಿದರು. ಸಿರಪ್ ಬರೆದುಕೊಟ್ಟು ಕಳಿಸಿದವರೂ ಇದ್ದಿರಬೇಕು. ಕೆಲವರು ಮಾತ್ರ ‘ಇದೇನಿದು?’ ಎಂದು ಒಂದು ಕ್ಷಣ ನಿಂತರು, ಬರೆದಿಟ್ಟರು, ಬೇರೆಯವರಿಗೆ ತಿಳಿಸಿದರು. ಊರೂರಿನ ಕೆಮ್ಮುಗಳು ಕಾಗದದ ಮೇಲೆ ಒಂದೆಡೆ ಸೇರಿದ ಮೇಲೆಯೇ ಕಾರಣ ಗೋಚರವಾದದ್ದು.

ಔಷಧಿಯೊಂದು ಅಂಗಡಿಗೆ ಬರುವ ಮುನ್ನ ಅದನ್ನು ಪರೀಕ್ಷಿಸುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಪರೀಕ್ಷಿಸುತ್ತಾರೆ. ಆದರೆ ಆ ಪರೀಕ್ಷೆಯಲ್ಲಿ ಭಾಗವಹಿಸುವವರು ಸಾಮಾನ್ಯವಾಗಿ ಕೆಲವು ನೂರರಿಂದ ಕೆಲವು ಸಾವಿರ ಮಂದಿ. ಹತ್ತು ಸಾವಿರದಲ್ಲಿ ಒಬ್ಬರಿಗೆ ಆಗುವ ತೊಂದರೆಯನ್ನು ಒಮ್ಮೆಯಾದರೂ ಕಾಣುವ ಭರವಸೆ ಬೇಕಿದ್ದರೆ ಸುಮಾರು ಮೂವತ್ತು ಸಾವಿರ ಮಂದಿಗೆ ಆ ಮದ್ದನ್ನು ಕೊಟ್ಟು ನೋಡಬೇಕೆಂಬುದು ಸಂಖ್ಯಾಶಾಸ್ತ್ರದ ಲೆಕ್ಕ. ಅಷ್ಟು ದೊಡ್ಡ ಪರೀಕ್ಷೆ ನಡೆಯುವುದು ಅಪರೂಪ. ಮೇಲಾಗಿ ಗರ್ಭಿಣಿಯರನ್ನು, ನಾಲ್ಕಾರು ಕಾಯಿಲೆಗಳಿಗೆ ಎಂಟು ಹತ್ತು ಮಾತ್ರೆ ನುಂಗುವ ವೃದ್ಧರನ್ನು ಇಂತಹ ಪರೀಕ್ಷೆಗಳಲ್ಲಿ ಹೆಚ್ಚಾಗಿ ಸೇರಿಸಿಕೊಳ್ಳುವುದಿಲ್ಲ. ಅಂದರೆ ಮದ್ದು ಮಾರುಕಟ್ಟೆಗೆ ಬಂದಾಗ ಪರೀಕ್ಷೆ ಮುಗಿದಿರುವುದಿಲ್ಲ. ಅದು ನಮ್ಮ ನಿಮ್ಮ ಮೈಯಲ್ಲಿ ಮುಂದುವರಿಯುತ್ತದೆ. ಫಲಿತಾಂಶವನ್ನು ತಿಳಿಸಬೇಕಾದವರು ನಾವೇ.

ಇಲ್ಲೇ ಒಂದು ನೈತಿಕ ಪ್ರಶ್ನೆ ಏಳುತ್ತದೆ. ಮದ್ದಿನಿಂದ ತೊಂದರೆ ಅನುಭವಿಸಿದವನಿಗೆ ಅದನ್ನು ಹೇಳುವ ಹೊಣೆ ಇದೆಯೇ? ಹೇಳಿದರೆ ಅವನ ನೋವು ಹಿಂದೆ ಹೋಗುವುದಿಲ್ಲ. ಪರಿಹಾರ ಸಿಗುವುದಿಲ್ಲ. ಅವನ ಮಾತಿನಿಂದ ಉಪಕಾರವಾಗುವುದು ಅವನು ಎಂದೂ ನೋಡದ, ಹೆಸರು ಕೂಡ ಗೊತ್ತಿಲ್ಲದ ಯಾರಿಗೋ. ಹಾಗಾದರೆ ಅವನಿಂದ ಏನನ್ನು ನಿರೀಕ್ಷಿಸುವ ಹಕ್ಕು ಸಮಾಜಕ್ಕಿದೆ?

ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಥಾಲಿಡೊಮೈಡ್ ಪ್ರಕರಣದಷ್ಟು ದೊಡ್ಡ ಉದಾಹರಣೆ ಬೇರೆ ಬೇಕಿಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆಯ ಮಾತ್ರೆಯಾಗಿ ಬಂದ ಇದನ್ನು ಗರ್ಭಿಣಿಯರ ವಾಕರಿಕೆಗೂ ಕೊಡಲಾಯಿತು. ಅಲ್ಲಿ ವೈದ್ಯರ ಚೀಟಿಯಿಲ್ಲದೆಯೂ ಸಿಗುತ್ತಿತ್ತು, ಅತ್ಯಂತ ಸುರಕ್ಷಿತವೆಂಬ ಪ್ರಚಾರವಿತ್ತು. ಜರ್ಮನಿಯ ವಿಡುಕಿಂಡ್ ಲೆನ್ಜ್, ಆಸ್ಟ್ರೇಲಿಯದ ವಿಲಿಯಂ ಮೆಕ್‌ಬ್ರೈಡ್ ಎಂಬ ವೈದ್ಯರು 1961ರಲ್ಲಿ ಎಚ್ಚರಿಕೆ ಕೊಟ್ಟ ಮೇಲೆ ಅದೇ ನವೆಂಬರಿನಲ್ಲಿ ಜರ್ಮನಿಯಲ್ಲಿ ಅದರ ಮಾರಾಟ ನಿಂತಿತು. ಅಷ್ಟರಲ್ಲಿ ಲೋಕದಾದ್ಯಂತ ಹತ್ತು ಸಾವಿರಕ್ಕೂ ಮಿಕ್ಕಿ ಮಕ್ಕಳು ಕೈಕಾಲುಗಳು ಬೆಳೆಯದೆ ಅಥವಾ ಬೇರೆ ವೈಕಲ್ಯಗಳೊಂದಿಗೆ ಹುಟ್ಟಿದ್ದರು. ಇಷ್ಟು ಎಲ್ಲರಿಗೂ ಗೊತ್ತು. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಮಕ್ಕಳ ವಿಷಯ ಹೊರಬರುವ ಮುನ್ನವೇ, ಈ ಮಾತ್ರೆ ನುಂಗಿದವರ ಕೈಕಾಲು ಜೋಮು ಹಿಡಿಯುತ್ತಿದೆ, ಪಾದ ಉರಿಯುತ್ತಿದೆ ಎಂಬ ದೂರುಗಳು ತಯಾರಕರಿಗೆ ಬಂದಿದ್ದವು. ನರಗಳಿಗೆ ಹಾನಿಯಾಗುತ್ತಿತ್ತು. ಆ ದೂರುಗಳಿಗೆ ಆಗಲೇ ತಕ್ಕ ಬೆಲೆ ಸಿಕ್ಕಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದರೋ!

ಈ ದುರಂತದ ನಂತರ ಬ್ರಿಟನ್ 1964ರಲ್ಲಿ ‘ಹಳದಿ ಕಾರ್ಡ್’ ಪದ್ಧತಿಯನ್ನು ತಂದಿತು. ಮದ್ದಿನ ಮೇಲೆ ಅನುಮಾನ ಬಂದರೆ ವೈದ್ಯರು ಆ ಕಾರ್ಡನ್ನು ತುಂಬಿ ಸರಕಾರಕ್ಕೆ ಕಳಿಸಬೇಕು. ಒಳ್ಳೆಯ ವ್ಯವಸ್ಥೆ, ಸಂಶಯವಿಲ್ಲ. ಆದರೆ ಮದ್ದು ನುಂಗಿದವರೇ ನೇರವಾಗಿ ಬರೆಯಬಹುದು ಎಂದು ಇಡೀ ದೇಶದಲ್ಲಿ ಒಪ್ಪಿಕೊಳ್ಳಲು 2005ರವರೆಗೆ ಕಾಯಬೇಕಾಯಿತು. ನಲವತ್ತೊಂದು ವರ್ಷ! ತೊಂದರೆ ಆದದ್ದು ಯಾರ ಮೈಗೋ ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲರ ಸಾಕ್ಷ್ಯಕ್ಕೆ ಬೆಲೆಯಿತ್ತು. ರೋಗಿಗೆ ಕಾರಣ ತಿಳಿಯುವುದಿಲ್ಲ, ಅವನು ಕಂಡದ್ದನ್ನೆಲ್ಲ ಮದ್ದಿನ ಮೇಲೆ ಹಾಕುತ್ತಾನೆ, ಕಡತಗಳು ಕಸದಿಂದ ತುಂಬಿಹೋಗುತ್ತವೆ ಎಂಬುದು ಅಳುಕಾಗಿತ್ತು.

ಆ ಅಳುಕನ್ನು ಅಲುಗಾಡಿಸಿದ ಘಟನೆಗಳಲ್ಲಿ ಒಂದು 2002ರಲ್ಲಿ ನಡೆಯಿತು. ಪ್ಯಾರೊಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆಯ ಕುರಿತು ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮ ಪ್ರಸಾರವಾದಾಗ ವೀಕ್ಷಕರಿಂದ ಸಾವಿರಕ್ಕೂ ಹೆಚ್ಚು ಇ-ಮೇಲ್‌ಗಳು ಬಂದವು. ಚಾರ್ಲ್ಸ್ ಮೆಡಾವರ್, ಆಂಡ್ರ್ಯೂ ಹರ್ಕ್‌ಸೈಮರ್ ಮತ್ತು ಸಂಗಡಿಗರು ಅವನ್ನು ಕೂತು ಓದಿದರು. ಮಾತ್ರೆ ಬಿಡಲು ಹೊರಟಾಗ ತಲೆಯೊಳಗೆ ವಿದ್ಯುತ್ ಹೊಡೆದಂತಾಗುತ್ತದೆ ಎಂದು ಎಷ್ಟೋ ಮಂದಿ, ಒಬ್ಬರನ್ನೊಬ್ಬರು ಕಂಡರಿಯದವರು, ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಬರೆದಿದ್ದರು. ವೈದ್ಯರ ಹಳದಿ ಕಾರ್ಡುಗಳಲ್ಲಿಯೂ ಇದರ ಸುಳಿವು ಇತ್ತು. ಆದರೆ ಅಲ್ಲಿ ಅದು ತಲೆಸುತ್ತು, ಜುಮುಗುಡುವಿಕೆ ಎಂಬಂತಹ ಸಿದ್ಧ ಪದಗಳೊಳಗೆ ಸೇರಿಕೊಂಡು ಮಾಯವಾಗಿತ್ತು. ರೋಗಿಯ ಬಾಯಲ್ಲಿ ಸ್ಪಷ್ಟವಾಗಿದ್ದ ಅನುಭವ ತಜ್ಞರ ಭಾಷೆಗೆ ಬರುವಷ್ಟರಲ್ಲಿ ಮುಖವಿಲ್ಲದಂತಾಗಿತ್ತು. ರೋಗಿ ಹೇಳುವುದರಿಂದ ಕಡತಕ್ಕೆ ಕಸ ಬೀಳುತ್ತದೆ ಎನ್ನುವವರು ಈ ಮಾತನ್ನು ಯೋಚಿಸಬೇಕು.

ನಮ್ಮ ದೇಶಕ್ಕೆ ಬರೋಣ. ಭಾರತದ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮ 2010ರ ಜುಲೈಯಲ್ಲಿ ಆರಂಭವಾಯಿತು. 2011ರಿಂದ ಅದರ ಕೇಂದ್ರ ಗಾಜಿಯಾಬಾದಿನ ಭಾರತೀಯ ಫಾರ್ಮಕೊಪಿಯಾ ಆಯೋಗದಲ್ಲಿದೆ. ಕರ್ನಾಟಕದ ಹಲವು ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಅದರ ನಿಗಾ ಕೇಂದ್ರಗಳಿವೆ. ರೋಗಿಗಳೇ ತುಂಬಬಹುದಾದ ಫಾರಂ ಇದೆ, ಅದು ಕನ್ನಡದಲ್ಲೂ ಇದೆ. 1800-180-3024 ಎಂಬ ಉಚಿತ ದೂರವಾಣಿ ಇದೆ. ಮೊಬೈಲ್ ಆ್ಯಪ್ ಕೂಡ ಬಂದಿದೆ. ಓದುಗರೇ, ನಿಮ್ಮಲ್ಲಿ ಎಷ್ಟು ಮಂದಿ ಇದನ್ನು ಮೊದಲೇ ಕೇಳಿದ್ದಿರಿ? ವ್ಯವಸ್ಥೆ ಇದೆ, ಆದರೆ ಯಾರಿಗಾಗಿ ಇದೆಯೋ ಅವರಿಗೆ ಅದರ ಸುದ್ದಿ ತಲುಪಿಲ್ಲ.

ಇದು ನಮ್ಮಲ್ಲಿ ಮಾತ್ರವಲ್ಲ. ಹಲವು ದೇಶಗಳ 37 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ವರದಿಯಾಗದೆ ಉಳಿಯುವ ಅಡ್ಡ ಪರಿಣಾಮಗಳ ಮಧ್ಯಮ ಪ್ರಮಾಣ ನೂರರಲ್ಲಿ 94. ಅಂದರೆ ನೂರು ಮಂದಿಗೆ ತೊಂದರೆಯಾದರೆ ಆರರ ಸುದ್ದಿ ಮಾತ್ರ ಕಡತ ಸೇರುತ್ತದೆ. ವೈದ್ಯರು ಏಕೆ ಬರೆಯುವುದಿಲ್ಲ ಎಂಬುದಕ್ಕೆ ಬ್ರಿಟನ್ನಿನ ವಿಲಿಯಂ ಇನ್‌ಮನ್ 1970ರ ದಶಕದಲ್ಲೇ ‘ಏಳು ಮಹಾಪಾಪ’ಗಳ ಪಟ್ಟಿ ಮಾಡಿದ್ದರು. ಮಾರುಕಟ್ಟೆಗೆ ಬಂದ ಮದ್ದು ಸುರಕ್ಷಿತವೇ ಇರಬೇಕೆಂಬ ನಿಶ್ಚಿಂತೆ, ಕೋರ್ಟು ಕಚೇರಿಯ ಭಯ, ತನ್ನ ಕೈಯಿಂದಲೇ ರೋಗಿಗೆ ಹಾನಿಯಾಯಿತೆಂಬ ಅಪರಾಧಿ ಭಾವ, ಬರೀ ಅನುಮಾನವನ್ನು ಬರೆದು ನಗೆಪಾಟಲಾದೇನು ಎಂಬ ಸಂಕೋಚ, ಮತ್ತೆ ನಮ್ಮೆಲ್ಲರಲ್ಲೂ ಇರುವ ಸೋಮಾರಿತನ ಅದರಲ್ಲಿವೆ. ವೈದ್ಯರ ಬಗ್ಗೆ ಹೇಳಿದ ಮಾತಿದು. ಬೆಳಿಗ್ಗೆಯಿಂದ ಸಾಲಿನಲ್ಲಿ ಕಾಯುವ ನೂರೈವತ್ತು ರೋಗಿಗಳನ್ನು ನೋಡಬೇಕಾದ ತಾಲೂಕು ಆಸ್ಪತ್ರೆಯ ವೈದ್ಯರಿಗೆ ಸೋಮಾರಿತನದ ಪಾಪವನ್ನು ಹೊರಿಸುವುದು ಅನ್ಯಾಯವಾದೀತು. ಅಲ್ಲಿ ಇಲ್ಲದಿರುವುದು ಸಮಯ.

ಹಾಗಾಗಿಯೇ ಮೊಬೈಲ್ ಆ್ಯಪ್‌ನ ಮೇಲೆ ಎಲ್ಲರ ಕಣ್ಣು. ಯುರೋಪಿನಲ್ಲಿ 2014ರಿಂದ 2017ರವರೆಗೆ ‘ವೆಬ್-ರಾಡರ್’ ಎಂಬ ಯೋಜನೆ ನಡೆಯಿತು. ಬ್ರಿಟನ್, ನೆದರ್ಲ್ಯಾಂಡ್ಸ್, ಕ್ರೊಯೇಶಿಯಾಗಳಲ್ಲಿ ಆ್ಯಪ್‌ಗಳು ಬಂದವು. ಬಳಿಕ ಅದೇ ಮಾದರಿ ಆಫ್ರಿಕಾದ ಬುರ್ಕಿನಾ ಫಾಸೊ, ಜಾಂಬಿಯಾಗಳಿಗೂ ಹೋಯಿತು. ಇಂತಹ ಆ್ಯಪ್‌ಗಳ ಬಗ್ಗೆ ಬರೆಯುವವರೆಲ್ಲ ತಪ್ಪದೆ ಬಳಸುವ ಪದ ‘ಬಳಕೆದಾರ ಸ್ನೇಹಿ’. ಕೇಳಲು ಹಿತವಾದ ಪದ. ಗುಂಡಿಗಳು ದೊಡ್ಡದಿರಬೇಕು, ಬಣ್ಣ ಕಣ್ಣಿಗೆ ಒಪ್ಪಬೇಕು, ಎರಡು ನಿಮಿಷದಲ್ಲಿ ಕೆಲಸ ಮುಗಿಯಬೇಕು ಎಂಬರ್ಥದಲ್ಲಿ ಅದನ್ನು ಬಳಸುತ್ತಾರೆ. ಇದೆಲ್ಲ ಬೇಕಾದದ್ದೇ. ಆದರೆ ಯಾವ ಬಳಕೆದಾರನಿಗೆ ಸ್ನೇಹಿ? ಇದನ್ನು ಕೇಳದೆ ಆ ಪದಕ್ಕೆ ಅರ್ಥವೇ ಬರುವುದಿಲ್ಲ.

ನಮ್ಮ ಅಭಿಪ್ರಾಯ ಇಷ್ಟು: ಅಪರಿಚಿತರಿಗಾಗಿ ತನ್ನ ನೋವನ್ನು ಬರೆದು ಕಳಿಸುವುದು ಒಂದು ಉಪಕಾರ. ಉಪಕಾರವನ್ನು ಕೇಳುವವನು ಮೊದಲು ದಾರಿಯ ಕಲ್ಲುಮುಳ್ಳು ತೆಗೆಯಬೇಕು. ತೆಗೆಯದೆ, ‘ಜನರಿಗೆ ಜಾಗೃತಿ ಇಲ್ಲ’ ಎಂದು ದೂರುವುದು ಸುಲಭದ ಮಾತಾದೀತು. ಆದ್ದರಿಂದ ಆ್ಯಪ್‌ನ ಪರದೆಯ ಮೇಲೆ ಯಾವ ಖಾನೆ ಇರಬೇಕು, ಯಾವುದು ಕಡ್ಡಾಯ, ಯಾವುದು ಐಚ್ಛಿಕ ಎಂಬುದು ಎಂಜಿನಿಯರುಗಳ ಕುಶಲತೆಯ ವಿಷಯ ಮಾತ್ರವಲ್ಲ. ಅಲ್ಲಿ ನ್ಯಾಯ ಅನ್ಯಾಯದ ತೀರ್ಮಾನಗಳು ನಡೆಯುತ್ತವೆ.

ಒಂದು ಸಣ್ಣ ಉದಾಹರಣೆ ನೋಡೋಣ. ವರದಿಯಲ್ಲಿ ಮದ್ದಿನ ಬ್ಯಾಚ್ ನಂಬರ್ ಇದ್ದರೆ ತನಿಖೆಗೆ ಬಹಳ ಅನುಕೂಲ, ತಪ್ಪು ಒಂದು ಬ್ಯಾಚಿನಲ್ಲಷ್ಟೇ ಆಗಿದೆಯೋ ಎಂದು ತಿಳಿಯುತ್ತದೆ. ಹಾಗೆಂದು ಅದನ್ನು ಕಡ್ಡಾಯ ಮಾಡಿದರೆ? ನಮ್ಮ ಊರುಗಳಲ್ಲಿ ಹತ್ತು ಮಾತ್ರೆಯ ಇಡೀ ಸ್ಟ್ರಿಪ್ ಕೊಳ್ಳುವವರು ಎಷ್ಟು ಮಂದಿ? ಕೂಲಿಯಿಂದ ಬರುವ ದಾರಿಯಲ್ಲಿ ‘ಎರಡು ಮಾತ್ರೆ ಕೊಡಿ’ ಎನ್ನುತ್ತಾರೆ. ಅಂಗಡಿಯವರು ಕತ್ತರಿ ತೆಗೆದು ಎರಡನ್ನು ಕತ್ತರಿಸಿ ಕೊಡುತ್ತಾರೆ. ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ, ಎಷ್ಟೋ ಸಲ ಮದ್ದಿನ ಪೂರ್ತಿ ಹೆಸರೂ ಅಂಗಡಿಯಲ್ಲೇ ಉಳಿದ ತುಂಡಿನ ಮೇಲಿರುತ್ತದೆ. ಬಿಲ್ಲು ಕೇಳುವ ರೂಢಿಯಿಲ್ಲ. ಇನ್ನು ಸಣ್ಣ ಕ್ಲಿನಿಕ್ಕುಗಳಲ್ಲಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವ ಬಿಡಿ ಮಾತ್ರೆಗಳ ಕಥೆ ಕೇಳುವುದೇ ಬೇಡ: ‘ಬಿಳಿಯದ್ದು ಬೆಳಿಗ್ಗೆ, ಹಳದಿಯದ್ದು ರಾತ್ರಿ’. ಹೀಗೆ ಮದ್ದು ತಿಂದವನ ಮೈಯಲ್ಲಿ ಗಂದೆ ಎದ್ದರೆ ಅವನು ಆ್ಯಪ್ ತೆರೆದು ಏನೆಂದು ಬರೆಯಬೇಕು? ಮೊದಲ ಖಾನೆಯಲ್ಲೇ ಅವನು ಸೋಲುತ್ತಾನೆ. ಇಡೀ ಸ್ಟ್ರಿಪ್ ಕೊಳ್ಳುವವರ, ಫೈಲು ಇಟ್ಟುಕೊಳ್ಳುವವರ, ದೊಡ್ಡ ಆಸ್ಪತ್ರೆಗೆ ಹೋಗುವವರ ತೊಂದರೆಗಳಷ್ಟೇ ದಾಖಲಾಗುತ್ತವೆ. ನಾಳೆ ಅಂಕಿ ಅಂಶಗಳನ್ನು ನೋಡಿದವರು ‘ಬಡವರಿಗೆ ಈ ಮದ್ದಿನಿಂದ ತೊಂದರೆಯಾದ ವರದಿಯೇ ಇಲ್ಲ’ ಎಂದು ತಿಳಿದಾರು!

ನಿಜವಾಗಿ ನೋಡಿದರೆ ಒಂದು ವರದಿಗೆ ಬೇಕಾದ ಮೂಲ ಸಂಗತಿಗಳು ನಾಲ್ಕೇ: ತೊಂದರೆಯಾದ ಒಬ್ಬ ವ್ಯಕ್ತಿ, ಹೇಳುತ್ತಿರುವ ಒಬ್ಬ ವ್ಯಕ್ತಿ, ಅನುಮಾನವಿರುವ ಮದ್ದು, ಆದ ತೊಂದರೆ. ಜಗತ್ತಿನ ಎಲ್ಲೆಡೆ ಒಪ್ಪಿತವಾದ ಕನಿಷ್ಠ ಮಟ್ಟ ಇದು. ಉಳಿದದ್ದನ್ನು ಆಮೇಲೆ ಫೋನ್ ಮಾಡಿ ಕೇಳಬಹುದು. ಉಳಿದ ಮಾತ್ರೆಯ, ಪೊಟ್ಟಣದ, ಚೀಟಿಯ ಒಂದು ಫೋಟೋ ತೆಗೆದು ಕಳಿಸಲು ಅವಕಾಶವಿದ್ದರೆ ಹೆಸರು ಓದಲಾಗದವನೂ ಅರ್ಧ ಕೆಲಸ ಮುಗಿಸಿದಂತೆ.

ಇನ್ನು ಭಾಷೆ. ಕನ್ನಡದಲ್ಲಿ ಆ್ಯಪ್ ಇದ್ದರೆ ಸಾಕೇ? ಕರಾವಳಿಯ ಮನೆಯಲ್ಲಿ ಬ್ಯಾರಿಯೋ ತುಳುವೋ ಕೊಂಕಣಿಯೋ ನಡೆಯುತ್ತದೆ, ಘಟ್ಟದ ಮೇಲೆ ಎಷ್ಟೋ ಮನೆಗಳಲ್ಲಿ ದಖ್ಖನಿ. ಶಾಲೆಯಲ್ಲಿ ಕನ್ನಡ ಕಲಿತವರು ಮೈಯ ನೋವನ್ನು ಮನೆಮಾತಿನಲ್ಲೇ ಹೇಳುತ್ತಾರೆ. ‘ಚಕ್ಕರ್ ಆರಾ’ ಎನ್ನುವ ಅಜ್ಜಿಗೆ ತಲೆ ತಿರುಗುತ್ತಿದೆಯೋ, ಕಣ್ಣು ಕತ್ತಲೆ ಬರುತ್ತಿದೆಯೋ, ನೆಲವೇ ಓಲಾಡಿದಂತಾಗುತ್ತಿದೆಯೋ? ಮೂರಕ್ಕೂ ಕಾರಣ ಬೇರೆ ಬೇರೆ ಇರಬಹುದು. ಕನ್ನಡದಲ್ಲೂ ಅಷ್ಟೇ. ‘ಉಷ್ಣ ಆಯಿತು’ ಎಂಬ ಒಂದು ಮಾತಿನಲ್ಲಿ ಬಾಯಿಹುಣ್ಣು, ಉರಿಮೂತ್ರ, ಕಣ್ಣುರಿ, ಮೈಮೇಲಿನ ಗುಳ್ಳೆ ಎಲ್ಲ ಅಡಗಿರುತ್ತದೆ. ಆ್ಯಪ್‌ನಲ್ಲಿ ಮುನ್ನೂರು ಲಕ್ಷಣಗಳ ಪಟ್ಟಿ ಕೊಟ್ಟು ಒಂದನ್ನು ಆರಿಸಿ ಎಂದರೆ ಆರಿಸುವವರು ಹತ್ತಿರದ ಪದವೊಂದನ್ನು ಒತ್ತಿ ಮುಗಿಸುತ್ತಾರೆ. ತಲೆಯೊಳಗಿನ ಮಿಂಚು ಮತ್ತೆ ‘ತಲೆಸುತ್ತು’ ಆಗುತ್ತದೆ! ಮೊದಲು ಅವರ ಮಾತಿನಲ್ಲೇ ಹೇಳಲಿ. ಬರೆಯಲು ಬಾರದವರು ಒಂದು ಗುಂಡಿ ಒತ್ತಿ ಮಾತಾಡಲಿ. ವಾಟ್ಸಾಪ್‌ನಲ್ಲಿ ವಾಯ್ಸ್ ಕಳಿಸಲು ನಮ್ಮ ಅಜ್ಜಿಯಂದಿರಿಗೆ ಯಾರೂ ತರಬೇತಿ ಕೊಡಲಿಲ್ಲ. ಪಟ್ಟಿಗೆ ಹೊಂದಿಸುವ ಕೆಲಸ ಕಚೇರಿಯಲ್ಲಿ ಸಂಬಳಕ್ಕೆ ಕೂತವರದಾಗಲಿ, ಜ್ವರದಲ್ಲಿ ಮಲಗಿದವರದಾಗುವುದು ಬೇಡ. ಅವರು ಹೊಂದಿಸಿದ ಮೇಲೂ ಮೂಲ ಮಾತು ಅಳಿಯದೆ ಕಡತದಲ್ಲಿ ಉಳಿಯಬೇಕು.

ಈಗ ಕಠಿಣವಾದ ಪ್ರಶ್ನೆಗೆ ಬರೋಣ. ಸಾಕ್ಷಿಯಿಲ್ಲದೆ ಯಾರ ಮೇಲೂ ತಪ್ಪು ಹೊರಿಸಬಾರದು ಎಂದು ನಾವು ಚಿಕ್ಕಂದಿನಿಂದ ಕಲಿತಿದ್ದೇವೆ. ಅನುಮಾನವನ್ನು ಆಡಿಬಿಡುವುದು ಸಣ್ಣತನವೆಂದೇ ಭಾವಿಸುತ್ತೇವೆ. ಮದ್ದಿನ ವರದಿಯಾದರೋ ಕೇಳುವುದೇ ಅನುಮಾನವನ್ನು. ‘ಇದರಿಂದಲೇ ಆಯಿತೆಂದು ನನಗೆ ಗೊತ್ತಿಲ್ಲ, ಆದರೆ ಇದಾದ ಮೇಲೆ ಅದಾಯಿತು’ ಎಂಬಷ್ಟು ಸಾಕು ಎನ್ನುತ್ತದೆ. ಸಜ್ಜನರಿಗೆ ಇದು ಕಷ್ಟ. ತಮಗೆ ಖಚಿತವಿಲ್ಲದ ಮಾತನ್ನು ಸರಕಾರಕ್ಕೆ ಬರೆದರೆ ವೈದ್ಯರಿಗೆ ಕೆಟ್ಟ ಹೆಸರು ಬಂದೀತೇ, ಅಂಗಡಿಯವರಿಗೆ ತೊಂದರೆಯಾದೀತೇ ಎಂದು ಹಿಂಜರಿಯುತ್ತಾರೆ. ಪ್ರಾಮಾಣಿಕರೇ ಮೌನವಾದರೆ ಉಳಿಯುವುದು ಯಾರ ಮಾತು?

ಅನುಮಾನಕ್ಕೂ ಆರೋಪಕ್ಕೂ ವ್ಯತ್ಯಾಸವಿದೆ. ಆರೋಪ ಒಬ್ಬನತ್ತ ಬೆರಳು ತೋರಿಸುತ್ತದೆ, ತೀರ್ಪನ್ನು ತಾನೇ ಹೇಳಿಬಿಡುತ್ತದೆ. ವರದಿ ತೀರ್ಪನ್ನು ಬೇರೆಯವರಿಗೆ ಬಿಡುತ್ತದೆ. ಒಂದು ಒಣಕೆಮ್ಮಿನಿಂದ ಯಾವ ಮಾತ್ರೆಯೂ ನಿಷೇಧವಾಗುವುದಿಲ್ಲ. ಅಂಥ ನೂರು ಕೆಮ್ಮುಗಳು ಒಂದೆಡೆ ಸೇರಿದಾಗ ತಜ್ಞರು ಕೂತು ನೋಡುತ್ತಾರೆ: ಮದ್ದು ತಿಂದ ಎಷ್ಟು ದಿನಕ್ಕೆ ಬಂತು, ಬಿಟ್ಟ ಮೇಲೆ ನಿಂತಿತೇ, ಮತ್ತೆ ತಿಂದಾಗ ಮರುಕಳಿಸಿತೇ, ಬೇರೆ ಕಾರಣ ಇರಬಹುದೇ. ಹೀಗೆ ಅಂಕ ಹಾಕಿ ತೂಗಲು 1981ರಲ್ಲಿ ನರಾಂಜೊ ಮತ್ತು ಸಂಗಡಿಗರು ರೂಪಿಸಿದ ಹತ್ತು ಪ್ರಶ್ನೆಗಳ ಮಾಪಕವನ್ನು ಇಂದಿಗೂ ಬಳಸುತ್ತಾರೆ. ತೂಗುವ ಕೆಲಸ ಅವರದು. ಅದನ್ನು ನಾವೇ ಮಾಡಿ ಮುಗಿಸಿ ಖಾತ್ರಿಯಾದ ಮೇಲೆ ಹೇಳುತ್ತೇವೆಂದು ಕೂತರೆ ತಕ್ಕಡಿಗೆ ಏನೂ ಬೀಳುವುದಿಲ್ಲ. ಆದ್ದರಿಂದ ಆ್ಯಪ್‌ನಲ್ಲಿ ಪ್ರತಿಯೊಂದು ಪ್ರಶ್ನೆಯ ಕೆಳಗೂ ‘ಗೊತ್ತಿಲ್ಲ’ ಎಂಬ ಗುಂಡಿ ಇರಬೇಕು, ಅದನ್ನು ಒತ್ತಿದವರು ತಪ್ಪಿತಸ್ಥರಂತೆ ಕಾಣಬಾರದು. ‘ಗೊತ್ತಿಲ್ಲ’ ಎನ್ನಲು ಬಿಡದ ಫಾರಂ ಜನರನ್ನು ಸುಳ್ಳು ಹೇಳಲು ಕಲಿಸುತ್ತದೆ. ತಾರೀಖು ನೆನಪಿಲ್ಲದವರು ಯಾವುದೋ ಒಂದನ್ನು ಹಾಕಿ ಮುಂದಕ್ಕೆ ಹೋಗುತ್ತಾರೆ.

ಇದಕ್ಕೆ ಎದುರು ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಹೇಳುವುದು ತೀರಾ ಸುಲಭವಾದರೆ ಸುಳ್ಳು ಭಯವೂ ಸುಲಭವಾಗಿ ಹರಡುತ್ತದೆ. ನ್ಯೂಜಿಲೆಂಡಿನಲ್ಲಿ ಥೈರಾಯಿಡ್ ಕೊರತೆಯ ಎಲ್ಟ್ರಾಕ್ಸಿನ್ ಮಾತ್ರೆಯ ಬಗ್ಗೆ ಮೂವತ್ತು ವರ್ಷಗಳಲ್ಲಿ ಬಂದಿದ್ದ ದೂರುಗಳು ಬರೇ 14. 2007ರಲ್ಲಿ ಮಾತ್ರೆಯ ಬಣ್ಣ ಮತ್ತು ಆಕಾರ ಬದಲಾಯಿತು. ಒಳಗಿನ ಮದ್ದು ಹಳೆಯದೇ. ಪತ್ರಿಕೆ ಟಿವಿಗಳಲ್ಲಿ ಸುದ್ದಿ ಎದ್ದಿತು. ಒಂದೂವರೆ ವರ್ಷದಲ್ಲಿ ಸಾವಿರಕ್ಕೂ ಮಿಕ್ಕಿ ದೂರುಗಳು ಬಂದವು. ಅವರೆಲ್ಲ ಸುಳ್ಳುಗಾರರೇ? ಅಲ್ಲ. ಮೈಯಲ್ಲಿ ಆದದ್ದು ನಿಜವೇ, ಅದರ ಮೂಲದಲ್ಲಿ ಆತಂಕವಿದ್ದಿರಬಹುದು. ಲಸಿಕೆಗಳ ಬಗ್ಗೆ ಹಬ್ಬುವ ವದಂತಿಯಿಂದ ಮಕ್ಕಳಿಗೆ ಚುಚ್ಚುಮದ್ದೇ ಸಿಗದಂತಾದ ಪ್ರಸಂಗಗಳನ್ನು ನಾವು ಕಂಡಿದ್ದೇವೆ. ಆದರೆ ಈ ಅಪಾಯಕ್ಕೆ ಔಷಧ ಬಾಯಿ ಮುಚ್ಚಿಸುವುದಲ್ಲ. ಕಚೇರಿಗೆ ಹೇಳಲು ದಾರಿಯಿಲ್ಲದವರು ಫಾರ್ವರ್ಡ್ ಮೆಸೇಜಿನಲ್ಲಿ ಹೇಳುತ್ತಾರೆ. ಅಲ್ಲಿ ತೂಗುವವರು ಯಾರೂ ಇರುವುದಿಲ್ಲ.

ಕೇಳದೇ ಇರುವುದನ್ನು ಯಾರೂ ಹೇಳುವುದಿಲ್ಲ ಎಂಬುದಕ್ಕೆ ಇತ್ತೀಚಿನ ಉದಾಹರಣೆಯೊಂದಿದೆ. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡ ಮಹಿಳೆಯರು ಹಲವು ದೇಶಗಳಲ್ಲಿ ತಮ್ಮ ಮುಟ್ಟಿನಲ್ಲಿ ಏರುಪೇರಾಗಿದೆ ಎಂದರು. ಒತ್ತಡ, ಆತಂಕ, ಕಾಕತಾಳೀಯ ಎಂಬ ಉತ್ತರ ಸಿಕ್ಕಿತು. ಲಸಿಕೆಯ ಪರೀಕ್ಷೆಗಳಲ್ಲಿ ಮುಟ್ಟಿನ ವಿಷಯವನ್ನು ಕ್ರಮವಾಗಿ ಕೇಳಿಯೇ ಇರಲಿಲ್ಲ. 2022ರ ಅಕ್ಟೋಬರಿನಲ್ಲಿ ಯುರೋಪಿನ ಔಷಧ ಸಂಸ್ಥೆ ಫೈಜರ್ ಮತ್ತು ಮಾಡರ್ನಾ ಲಸಿಕೆಗಳ ಅಡ್ಡ ಪರಿಣಾಮಗಳ ಪಟ್ಟಿಗೆ ಅಧಿಕ ಮುಟ್ಟಿನ ಸ್ರಾವವನ್ನು ಸೇರಿಸಲು ಶಿಫಾರಸು ಮಾಡಿತು. ಹೆಚ್ಚಿನವರಲ್ಲಿ ಅದು ತಾತ್ಕಾಲಿಕವಾಗಿತ್ತು, ಗಂಭೀರವಾಗಿರಲಿಲ್ಲ. ಇವು ನಮ್ಮ ದೇಶದ ಲಸಿಕಾ ಅಭಿಯಾನದಲ್ಲಿ ಕೊಟ್ಟ ಲಸಿಕೆಗಳೂ ಅಲ್ಲ. ಆದರೂ ಅಷ್ಟು ಹೆಂಗಸರ ಮಾತು ಒಂದೂವರೆ ವರ್ಷ ಬಾಗಿಲ ಹೊರಗೆ ನಿಂತಿತ್ತು ಎಂಬುದು ಸಣ್ಣ ವಿಷಯವಲ್ಲ.

ನಮ್ಮ ಮನೆಗಳಲ್ಲಿ ಇದು ಇನ್ನೂ ಜಟಿಲ. ಮುಟ್ಟಿನ ಹೊಟ್ಟೆನೋವಿಗೆ ಹುಡುಗಿಯರು ನುಂಗುವ ಮೆಫೆನಾಮಿಕ್ ಆಸಿಡ್ ಮಾತ್ರೆಯ ಬಗ್ಗೆ 2023ರ ನವೆಂಬರ್ 30ರಂದು ಫಾರ್ಮಕೊಪಿಯಾ ಆಯೋಗ ಒಂದು ಎಚ್ಚರಿಕೆ ನೀಡಿತು. ಅಪರೂಪವಾಗಿ ‘ಡ್ರೆಸ್’ ಎಂಬ ತೀವ್ರ ಅಲರ್ಜಿ ಉಂಟಾಗಬಹುದು: ಮೈತುಂಬ ದದ್ದು, ಜ್ವರ, ಗ್ರಂಥಿಗಳ ಊತ, ಕೆಲವೊಮ್ಮೆ ಒಳಗಿನ ಅಂಗಗಳಿಗೂ ಹಾನಿ. ಅದು ಕಾಣಿಸಿಕೊಳ್ಳುವುದು ಮದ್ದು ಶುರುಮಾಡಿದ ಎರಡರಿಂದ ಎಂಟು ವಾರಗಳ ಒಳಗೆ. ಎಂಟು ವಾರದ ಹಿಂದೆ ನುಂಗಿದ ಹೊಟ್ಟೆನೋವಿನ ಮಾತ್ರೆಯನ್ನು ಇಂದಿನ ಜ್ವರದೊಂದಿಗೆ ಯಾರು ಜೋಡಿಸುತ್ತಾರೆ? ಕಳೆದ ಎರಡು ತಿಂಗಳಲ್ಲಿ ಯಾವ ಯಾವ ಮದ್ದು ತಿಂದಿರಿ ಎಂದು ಆ್ಯಪ್ ಕೇಳಿದರೆ ನೆನಪಾದೀತು. ಆದರೆ ಆ ಹುಡುಗಿಯ ಬಳಿ ಫೋನ್ ಇದೆಯೇ? ಎಷ್ಟೋ ಮನೆಗಳಲ್ಲಿ ಇರುವ ಒಂದೇ ಸ್ಮಾರ್ಟ್‌ಫೋನ್ ಅಪ್ಪನದು ಅಥವಾ ಅಣ್ಣನದು. ಅಮ್ಮನ ವರದಿಯನ್ನು ಮಗ ತುಂಬುತ್ತಾನೆ. ಅವನೆದುರು ಅಮ್ಮ ಏನನ್ನು ಹೇಳಿಯಾಳು, ಏನನ್ನು ನುಂಗಿಕೊಂಡಾಳು? ಮಾನಸಿಕ ಕಾಯಿಲೆಯ ಮಾತ್ರೆ, ಕ್ಷಯದ ಮಾತ್ರೆ, ಗರ್ಭನಿರೋಧಕ ಇವೆಲ್ಲ ಮನೆಯೊಳಗೂ ಗುಟ್ಟಾಗಿರುವ ವಿಷಯಗಳು. ಕಳಿಸಿದ ವರದಿ ಫೋನಿನಲ್ಲಿ ಎಲ್ಲರಿಗೂ ಕಾಣುವಂತೆ ಉಳಿಯಬಾರದು. ಹೆಸರಿನ ಮೊದಲಕ್ಷರ ಸಾಕು, ಆಧಾರ್ ಸಂಖ್ಯೆ ಕೇಳಬಾರದು. ಆ್ಯಪ್ ಬೇಡದವರಿಗೆ ಫೋನಿನಲ್ಲಿ ಮಾತಾಡಲು ಒಬ್ಬ ಮಹಿಳೆ ಸಿಗುವಂತಿರಬೇಕು. ಆಶಾ ಕಾರ್ಯಕರ್ತೆಯರ ಫೋನಿನಿಂದಲೂ ಕಳಿಸುವಂತಿದ್ದರೆ ಇನ್ನೂ ಒಳ್ಳೆಯದು. ಆದರೆ ಈಗಾಗಲೇ ಹತ್ತು ಆ್ಯಪ್‌ಗಳ ಕೆಲಸ ಹೊತ್ತ ಅವರಿಗೆ ಹನ್ನೊಂದನೆಯದನ್ನು ಪುಕ್ಕಟೆಯಾಗಿ ಹೊರಿಸುವುದು ಸರಿಯಲ್ಲ.

ಕಳಿಸಿದ ಮೇಲೆ ಏನು? ‘ನಿಮ್ಮ ವರದಿಯನ್ನು ಸ್ವೀಕರಿಸಲಾಗಿದೆ’ ಎಂಬ ಒಂದು ಸಾಲು, ಒಂದು ಸಂಖ್ಯೆ, ಅಲ್ಲಿಗೆ ಮುಗಿಯಿತು. ನಮ್ಮ ದೃಷ್ಟಿಯಲ್ಲಿ ಇಡೀ ವಿನ್ಯಾಸದ ಅತ್ಯಂತ ದುರ್ಬಲ ಜಾಗ ಇದು. ಮಾತಾಡಿದವನಿಗೆ ಮರುಮಾತು ಸಿಗಬೇಕು. ಯುರೋಪಿನ ಆ್ಯಪ್‌ಗಳಲ್ಲಿ ನಾವು ಆರಿಸಿದ ಮದ್ದಿನ ಕುರಿತ ಹೊಸ ಸುದ್ದಿಗಳು ನಮಗೇ ಬರುವ ಏರ್ಪಾಡಿತ್ತು. ಇಲ್ಲೂ, ‘ನೀವು ಹೇಳಿದಂಥದ್ದನ್ನು ಇನ್ನೂ ಕೆಲವರು ಹೇಳಿದ್ದಾರೆ’ ಎಂದೋ ‘ಪರಿಶೀಲಿಸಿದೆವು, ಮದ್ದಿಗೆ ಸಂಬಂಧವಿಲ್ಲವೆಂದು ಕಾಣುತ್ತದೆ’ ಎಂದೋ ಆರು ತಿಂಗಳ ಮೇಲೆ ಒಂದು ಸಂದೇಶ ಬಂದರೆ ಸಾಕು, ಆ ಮನುಷ್ಯ ಮತ್ತೊಮ್ಮೆ ಹೇಳುತ್ತಾನೆ, ನೆರೆಯವನಿಗೂ ಹೇಳಿಕೊಡುತ್ತಾನೆ. ಉತ್ತರ ಕೊಡಲು ಜನ ಬೇಕು, ಸಂಬಳ ಬೇಕು. ಆ್ಯಪ್ ಮಾಡುವುದು ಅಗ್ಗ, ಕೇಳಿಸಿಕೊಳ್ಳುವುದು ದುಬಾರಿ. ಉದ್ಘಾಟನಾ ಸಮಾರಂಭ ಮೊದಲನೆಯದಕ್ಕೆ ಮಾತ್ರ ನಡೆಯುತ್ತದೆ.

ಒಂದು ಎಚ್ಚರಿಕೆಯ ಮಾತು ಇಲ್ಲಿ ಅಗತ್ಯ. ಉಸಿರಾಟಕ್ಕೆ ಕಷ್ಟವಾದರೆ, ಮುಖ ಅಥವಾ ನಾಲಿಗೆ ಊದಿಕೊಂಡರೆ, ಮೈಚರ್ಮ ಸುಲಿಯತೊಡಗಿದರೆ ಫೋನ್ ಕೆಳಗಿಟ್ಟು ಆಸ್ಪತ್ರೆಗೆ ಓಡಬೇಕು, ವರದಿ ಆಮೇಲೆ. ಈ ಲೇಖನ ಓದಿ ರಕ್ತದೊತ್ತಡದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ಬೇಡ, ವೈದ್ಯರನ್ನು ಕೇಳಿ ಬದಲಾಯಿಸಿಕೊಳ್ಳಬಹುದು.

ಸರಕಾರ ಏನೂ ಮಾಡುತ್ತಿಲ್ಲವೆಂದಲ್ಲ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್ ಔಷಧಿಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಮುದ್ರಿಸುವುದು ಕಡ್ಡಾಯವಾಗಿದೆ. ಅದನ್ನು ಫೋನಿನಿಂದ ಓದಿದರೆ ಮದ್ದಿನ ಹೆಸರು, ತಯಾರಕರು, ಬ್ಯಾಚ್ ನಂಬರ್ ಎಲ್ಲ ತಿಳಿಯುತ್ತದೆ. ವರದಿಯ ಆ್ಯಪ್ ಇದನ್ನು ಓದುವಂತಾದರೆ ಅರ್ಧ ಫಾರಂ ತಾನಾಗಿಯೇ ತುಂಬುತ್ತದೆ. 2025ರ ಜೂನ್‌ನಲ್ಲಿ ಔಷಧಿ ಅಂಗಡಿಗಳಲ್ಲಿ ಅಡ್ಡ ಪರಿಣಾಮ ತಿಳಿಸುವ ಕ್ಯೂಆರ್ ಕೋಡನ್ನೂ ಉಚಿತ ದೂರವಾಣಿ ಸಂಖ್ಯೆಯನ್ನೂ ಎಲ್ಲರಿಗೂ ಕಾಣುವಂತೆ ಹಾಕಿಸಬೇಕೆಂದು ಕೇಂದ್ರದ ಔಷಧ ನಿಯಂತ್ರಕರು ರಾಜ್ಯಗಳಿಗೆ ಸೂಚಿಸಿದರು. ಮುಂದಿನ ಸಲ ಮೆಡಿಕಲ್‌ಗೆ ಹೋದಾಗ ಗೋಡೆಯತ್ತ ಒಮ್ಮೆ ನೋಡಿ, ಕಾಣದಿದ್ದರೆ ಕೇಳಿ. ಔಷಧಿಯ ಮೇಲಿನ ಕೋಡನ್ನು ಸ್ಟ್ರಿಪ್‌ನ ಬದಲು ಹೊರಗಿನ ಪೆಟ್ಟಿಗೆಯ ಮೇಲೆ ಹಾಕಲೂ ನಿಯಮದಲ್ಲಿ ಅವಕಾಶವಿದೆ. ಪೆಟ್ಟಿಗೆ ಅಂಗಡಿಯ ಕಪಾಟಿನಲ್ಲೇ ಇರುತ್ತದೆ. ಎರಡು ಮಾತ್ರೆ ಕೇಳಿದವನ ಕೈಗೆ ಬರುವುದು ಕತ್ತರಿಸಿದ ತುಂಡು.